ಒಂಬತ್ತು ಲಕ್ಷಕ್ಕೆ ಸಿಗುವ ಐವತ್ತು ಲಕ್ಷದ ಕಾರು

ದೊಡ್ಡ ಸೆಡಾನ್ ಕಾರುಗಳ ಬಗ್ಗೆ ಕೇಳಿ ಎಂದು ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ವಿಲ್ಸನ್ ಗಾರ್ಡನ್‌ನ ನನ್ನ ಗ್ಯಾರೇಜಿಗೆ ಅದೇ ಪ್ರಶ್ನೆ ಹಿಡಿದುಕೊಂಡು ವಾರಕ್ಕೆ ಇಬ್ಬರಾದರೂ ಬರುತ್ತಾರೆ.

ಪ್ರಶ್ನೆ: ಸರ್, ನಮ್ಮದು ಬಟ್ಟೆ ಅಂಗಡಿ. ದೆಹಲಿಯ ಬ್ರೋಕರ್ ಒಬ್ಬರು 2016ರ ಬಿಎಂಡಬ್ಲ್ಯು 5 ಸೀರೀಸ್ ಡೀಸೆಲ್ ಕಾರನ್ನು ಒಂಬತ್ತು ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. 62 ಸಾವಿರ ಕಿಲೋಮೀಟರ್ ಓಡಿದೆಯಂತೆ. ನನ್ನ ಹತ್ತಿರ ಸರಿಯಾಗಿ ಒಂಬತ್ತು ಲಕ್ಷ ಇದೆ. ತೆಗೆದುಕೊಳ್ಳಲಾ?
— ಓದುಗರು, ದಾವಣಗೆರೆ

ನಿಮ್ಮ ಹತ್ತಿರ ಇರುವುದು ಒಂಬತ್ತೇ ಲಕ್ಷ ಆದರೆ ಈ ಕಾರು ಬೇಡ. ಒಂಬತ್ತು ಲಕ್ಷ ಇರುವವರು ಆರು ಲಕ್ಷದ ಕಾರು ನೋಡಬೇಕು. ಮಿಕ್ಕ ಮೂರು ಲಕ್ಷವನ್ನು ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಇಟ್ಟು ಮರೆತುಬಿಡಬೇಕು. ಮೊದಲ ವರ್ಷದಲ್ಲೇ ಅದರ ಅಗತ್ಯ ಬೀಳುತ್ತದೆ. ಹೊಸದಿದ್ದಾಗ ಈ ಕಾರಿನ ಬೆಲೆ ಐವತ್ತು ಲಕ್ಷದ ಆಸುಪಾಸಿನಲ್ಲಿತ್ತು. ಕಾರಿನ ಬೆಲೆ ಒಂಬತ್ತಕ್ಕೆ ಇಳಿಯಿತು. ಆದರೆ ಅದರ ಬ್ರೇಕ್ ಡಿಸ್ಕ್, ಲೋವರ್ ಆರ್ಮ್, ಹೆಡ್‌ಲೈಟ್ ಯಾವುದೂ ಅದರ ಜೊತೆ ಇಳಿದಿಲ್ಲ. ಅಂಗಡಿಯವರು ಐವತ್ತು ಲಕ್ಷದ ಕಾರಿನ ರೇಟನ್ನೇ ಹೇಳುತ್ತಾರೆ.

ದೆಹಲಿಯಲ್ಲಿ ಅಗ್ಗ ಯಾಕೆ ಅಂತ ಗೊತ್ತಿರಲಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರಲ್ಲಿ ಸ್ವಲ್ಪ ಸಡಿಲ ಆಗಿದೆ, ಆದರೂ ಮಾಲೀಕರ ಹೆದರಿಕೆ ಹೋಗಿಲ್ಲ. ಹಾಗಾಗಿ ಒಳ್ಳೆಯ ಕಾರೂ ಅಗ್ಗಕ್ಕೆ ಬರುತ್ತದೆ, ಕೆಟ್ಟ ಕಾರೂ ಅದೇ ಸಾಲಿನಲ್ಲಿ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ.

ಬ್ರೋಕರ್ ಬಾಯಿಬಿಡದ ಇನ್ನೊಂದು ಖರ್ಚು ತೆರಿಗೆ. ಆ ಕಾರು 12 ತಿಂಗಳಿಗಿಂತ ಜಾಸ್ತಿ ಕರ್ನಾಟಕದಲ್ಲಿ ಇರುವುದಾದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಆಗ ಜೀವಾವಧಿ ತೆರಿಗೆ ಬೀಳುತ್ತದೆ. 20 ಲಕ್ಷ ದಾಟಿದ ಕಾರಿಗೆ ನಮ್ಮಲ್ಲಿ ಶೇ 18, ಮೇಲೆ ಸೆಸ್. ಲೆಕ್ಕ ಹಾಕುವುದು ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕ ಹಾಗೆ ಕಡಿತ ಕೊಡುತ್ತಾರೆ ನಿಜ, ಆದರೂ ಮೊತ್ತ ಲಕ್ಷಗಳಲ್ಲೇ ಇರುತ್ತದೆ. ದಾವಣಗೆರೆ ಆರ್‌ಟಿಒ ಕಚೇರಿಗೆ ಹೋಗಿ ಮಾಡೆಲ್, ವರ್ಷ ಹೇಳಿ ಬಾಯಿಮಾತಿನಲ್ಲಾದರೂ ಲೆಕ್ಕ ಕೇಳಿ, ಆಮೇಲೆ ಚೌಕಾಸಿ ಮಾಡಿ. ದೆಹಲಿ ಆರ್‌ಟಿಒದ ಎನ್‌ಒಸಿ, ಅಂದರೆ ಫಾರಂ 28, ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಕಾರಿನ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕು ಸಹಿ ಹಾಕಿದ ಫಾರಂ 35 ಕೂಡ ಬೇಕು.

ಇಷ್ಟೆಲ್ಲ ಆದ ಮೇಲೂ ಆಸೆ ಉಳಿದಿದ್ದರೆ ಹೋಗಿ ಕಾರು ನೋಡಿ. ಆಸೆ ತಪ್ಪಲ್ಲ. ಆ ಸ್ಟೇರಿಂಗ್ ಹಿಡಿದು ಒಮ್ಮೆ ಓಡಿಸಿದವರಿಗೆ ಅದು ಯಾಕೆ ಬೇಕು ಅಂತ ನಾನು ಹೇಳಬೇಕಾಗಿಲ್ಲ. ಆದರೆ ಹೋಗುವ ಹಿಂದಿನ ದಿನ ಫೋನ್ ಮಾಡಿ, 'ನಾನು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಅವತ್ತು ವಾಪಸ್ ಬಂದು ಮರುದಿನ ಬೆಳಿಗ್ಗೆ ಹೋಗಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗುವ ಮೊದಲ ಹತ್ತು ಸೆಕೆಂಡ್ ಬಹಳ ಮುಖ್ಯ. ಈ ಡೀಸೆಲ್ ಇಂಜಿನ್ನಿನಲ್ಲಿ ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಸರಪಳಿ, ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಪಕ್ಕದಲ್ಲಿ. ಅಲ್ಲಿಂದ ಸರಪಳಿ ಉಜ್ಜಿದಂತೆ ಕರಕರ ಸದ್ದು ಬಂದರೆ ನಮಸ್ಕಾರ ಹೇಳಿ ಹೊರಡಿ. ಅದಕ್ಕೆ ಕೈ ಹಾಕಬೇಕೆಂದರೆ ಇಂಜಿನ್ ಅಥವಾ ಗೇರ್‌ಬಾಕ್ಸನ್ನೇ ಇಳಿಸಬೇಕು.

62 ಸಾವಿರ ಎಂಬ ಲೆಕ್ಕವನ್ನು ಸುಮ್ನೆ ನಂಬಬೇಡಿ. ಮೀಟರ್ ತಿರುಗಿಸುವವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಮೀಟರ್ ಒಂದನ್ನೇ ತಿರುಗಿಸುತ್ತಾರೆ. ಈ ಕಾರುಗಳಲ್ಲಿ ಓಡಿದ ದೂರ ಬೇರೆ ಕಡೆಯೂ ದಾಖಲಾಗುತ್ತದೆ, ಕೀಯಲ್ಲೂ ಸಹ. ಒಳ್ಳೆಯ ಸ್ಕ್ಯಾನರ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಚಾಸಿಸ್ ನಂಬರ್ ಬರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಹಳೆಯ ಸರ್ವಿಸ್ ಚರಿತ್ರೆ ಕೇಳಿ. ಸೀಟ್ ಬೆಲ್ಟನ್ನು ಕೊನೆಯ ತನಕ ಹೊರಗೆ ಎಳೆಯಿರಿ. ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಕಾರು ನೆರೆಯಲ್ಲಿ ನಿಂತಿತ್ತು ಅಂತ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದ್ದು. ಐದಾರು ವರ್ಷ ದಾಟಿದ್ದರೆ ನಾಲ್ಕೂ ಟೈರಿನ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆಯಿರಿ. ಇದು ರನ್‌ಫ್ಲಾಟ್ ಟೈರಿನ ಕಾರು. ಗಾಳಿ ಹೋದರೂ 80 ಕಿಲೋಮೀಟರ್ ವೇಗದ ಒಳಗೆ ಸುಮಾರು 80 ಕಿಲೋಮೀಟರ್ ಹೋಗಬಹುದು, ಆದರೆ ಟೈರಿನ ಬೆಲೆ ಜಾಸ್ತಿ. ನಮ್ಮ ಗುಂಡಿಗೆ ಬಿದ್ದರೆ ಪಕ್ಕದ ಗೋಡೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ.

ಕಾರು ಕೊಂಡರೆ ಮೊದಲ ತಿಂಗಳಲ್ಲೇ ಮಾಡಿಸಬೇಕಾದ ಒಂದು ಕೆಲಸ ಇದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಜೀವಮಾನ ಪೂರ್ತಿ ಬರುತ್ತದೆ ಎಂದು ಸೇಲ್ಸ್‌ನವರು ಹೇಳುವುದನ್ನು ಕೇಳಿದ್ದೀರಿ. ಆ ಎಂಟು ಗೇರಿನ ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ. ಅದರಲ್ಲಿ ಫಿಲ್ಟರ್ ಮತ್ತು ಆಯಿಲ್ ಪ್ಯಾನ್ ಒಂದೇ ಪ್ಲಾಸ್ಟಿಕ್ ತುಂಡಾಗಿ ಬರುತ್ತದೆ, ಎರಡೂ ಒಟ್ಟಿಗೆ ಬದಲಾಗಬೇಕು. 2016ರ ಕಾರಿಗೆ ಕಿಲೋಮೀಟರ್ ಎಷ್ಟೇ ಇರಲಿ, ವರ್ಷದ ಲೆಕ್ಕದಲ್ಲಿ ಗಡುವು ದಾಟಿದೆ.

ಪ್ರಶ್ನೆ: ನನ್ನ ಐದು ವರ್ಷದ ಸೆಡಾನ್‌ನಲ್ಲಿ ಮಳೆ ಬಂದ ಮರುದಿನ ಎಡಗಡೆ ಮುಂದಿನ ಕಾರ್ಪೆಟ್ ಒದ್ದೆ. ಒಳಗೆ ಮುಗ್ಗಲು ವಾಸನೆ. ಈಗ ಡ್ಯಾಶ್‌ಬೋರ್ಡಿನಲ್ಲಿ ಏನೇನೋ ಎಚ್ಚರಿಕೆ ಬರುತ್ತಿವೆ. ಎಲೆಕ್ಟ್ರಾನಿಕ್ ಮಾಡ್ಯೂಲ್ ಬದಲಾಯಿಸಬೇಕು ಎನ್ನುತ್ತಿದ್ದಾರೆ.
— ಓದುಗರು, ಜಯನಗರ, ಬೆಂಗಳೂರು

ಕಾರನ್ನು ಮರದ ಕೆಳಗೆ ನಿಲ್ಲಿಸುತ್ತೀರಿ, ಅಲ್ವಾ? ಜಯನಗರದಲ್ಲಿ ಮರ ಇಲ್ಲದ ಜಾಗ ಸಿಗುವುದೂ ಕಷ್ಟ. ಹೊಂಗೆ ಹೂವು, ಮಳೆಮರದ ಸಣ್ಣ ಎಲೆ ಸನ್‌ರೂಫಿನ ಅಂಚಿನ ಕಾಲುವೆಯಲ್ಲಿ ಕೂರುತ್ತವೆ. ಸನ್‌ರೂಫ್ ಪೂರ್ತಿ ನೀರು ತಡೆಯುವುದಿಲ್ಲ. ಅಂಚಿನಲ್ಲಿ ಇಳಿದ ನೀರು ಮೂಲೆಯ ಸಣ್ಣ ಕೊಳವೆಗಳಿಂದ ಕೆಳಗೆ ಹೋಗುವ ಹಾಗೆ ಮಾಡಿರುತ್ತಾರೆ. ಕೊಳವೆ ಕಟ್ಟಿಕೊಂಡರೆ ನೀರು ಒಳಗೆ ಬರುತ್ತದೆ. ಕಾರ್ಪೆಟ್ ಕೆಳಗಿನ ದಪ್ಪ ಸ್ಪಂಜು ಅದನ್ನು ಹೀರಿಕೊಂಡು ವಾರಗಟ್ಟಲೆ ಇಟ್ಟುಕೊಳ್ಳುತ್ತದೆ. ಎಷ್ಟೋ ಕಾರುಗಳಲ್ಲಿ ವೈರಿಂಗ್ ಜಾಯಿಂಟು, ಮಾಡ್ಯೂಲು ಇರುವುದು ಅದೇ ಕಾರ್ಪೆಟ್ ಕೆಳಗೆ.

ಸನ್‌ರೂಫ್ ತೆರೆದು ಮುಂದಿನ ಮೂಲೆಯಲ್ಲಿ ಒಂದು ಲೋಟ ನೀರನ್ನು ನಿಧಾನಕ್ಕೆ ಬಿಡಿ. ಅರ್ಧ ನಿಮಿಷದಲ್ಲಿ ಮುಂದಿನ ಚಕ್ರದ ಹಿಂದೆ ಅಥವಾ ಬಾಗಿಲ ಸಂದಿಯಲ್ಲಿ ನೀರು ತೊಟ್ಟಿಕ್ಕಬೇಕು. ಇಲ್ಲದಿದ್ದರೆ ಕಟ್ಟಿಕೊಂಡಿದೆ. ಗಾಳಿ ಪಂಪ್ ಹಾಕಿ ಊದಿಸಬೇಡಿ, ಒತ್ತಡಕ್ಕೆ ಕೊಳವೆ ಒಳಗಡೆ ಕಳಚಿಕೊಳ್ಳುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಸಾಕು, ಮೆಲ್ಲಗೆ ತೂರಿಸಿ. ಆಮೇಲೆ ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಸ್ಪಂಜನ್ನು ಮೂರು ದಿನ ಬಿಸಿಲಿಗೆ ಹಾಕಬೇಕು. ಮಾಡ್ಯೂಲ್ ವಿಷಯ ಅದಾದ ಮೇಲೆ. ಕೆಲವು ಸಲ ಕನೆಕ್ಟರ್ ಬಿಚ್ಚಿ ಒಣಗಿಸಿ, ಕಿಲುಬು ಹಿಡಿದ ಪಿನ್ ಸ್ವಚ್ಛ ಮಾಡಿದರೆ ಎಲ್ಲ ಸರಿಹೋಗುತ್ತದೆ.

ಹದಿನಾಲ್ಕು ವರ್ಷದ ಹಿಂದೆ ಇದೇ ಥರದ ಕಾರೊಂದಕ್ಕೆ ನಾನು ಮೊದಲು ಮಾಡ್ಯೂಲ್ ಹಾಕಿದೆ. ಮುಂದಿನ ಮಳೆಗೆ ಹೊಸದೂ ಹೋಯಿತು. ಗಿರಾಕಿಗೆ ಹಣ ವಾಪಸ್ ಕೊಟ್ಟೆ. ಅವರು ಒಂದು ಮಾತೂ ಬಯ್ಯಲಿಲ್ಲ, ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಮಳೆಯ ಮಾತು ಬಂತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ನೀರು ತುಂಬಿದಾಗ ಎಷ್ಟೋ ಇಂಜಿನ್‌ಗಳು ನೀರಿನಿಂದಲ್ಲ, ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಹಾಳಾದವು. ಸಿಲಿಂಡರ್ ಒಳಗೆ ಹೋದ ನೀರನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ವಿಮೆಯಲ್ಲಿ ಅದಕ್ಕೆ ಹಣ ಬರುವುದು ಕಷ್ಟ. ಪಾಲಿಸಿ ಮಾಡಿಸುವಾಗ ಇಂಜಿನ್ ರಕ್ಷಣೆಯನ್ನು ಸೇರಿಸಿಕೊಳ್ಳಿ. ಶೂನ್ಯ ಸವಕಳಿಯನ್ನೂ ಸೇರಿಸಿ. ಅದಿಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಪ್ರಶ್ನೆ: ಟರ್ಬೊ ಪೆಟ್ರೋಲ್ ಸೆಡಾನ್‌ಗೆ ದುಬಾರಿ ಪೆಟ್ರೋಲೇ ಹಾಕಬೇಕಾ?
— ಓದುಗರು, ಶಿವಮೊಗ್ಗ

ಪೆಟ್ರೋಲ್ ಹಾಕುವ ಮುಚ್ಚಳ ತೆರೆಯಿರಿ, ಒಳಗೆ ಬರೆದಿರುತ್ತದೆ. 95 ಆಕ್ಟೇನ್ ಅಂತ ಇದ್ದರೆ 95 ಹಾಕಿ, 91 ಸಾಕು ಅಂತ ಇದ್ದರೆ ಜಾಸ್ತಿ ಕೊಡಬೇಡಿ. ಅದೇ ಜಾಗದಲ್ಲಿ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಬಹುದು ಎಂಬ ಗುರುತು ಇದೆಯಾ ಅಂತಲೂ ನೋಡಿ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ. ತಿಂಗಳಿಗೆ ಎರಡು ಸಲ ತಾಯಿಯನ್ನು ಕರೆದುಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತೇನೆ. ಅವರಿಗೆ 84 ವರ್ಷ, ಮಂಡಿ ನೋವು. ಹಳೆಯ ಜರ್ಮನ್ ಕಾರೋ, ಟೊಯೊಟಾ ಕ್ಯಾಮ್ರಿ ಹೈಬ್ರಿಡ್ಡೋ?
— ಓದುಗರು, ಉಡುಪಿ

ಎರಡರಲ್ಲಿ ಒಂದು ಎಂದರೆ ಕ್ಯಾಮ್ರಿ. ಶಿರಾಡಿ ಘಾಟಿಯ ಮಧ್ಯೆ ಕಾರು ಕೈಕೊಡಬಾರದು, ಅದರಲ್ಲೂ ತಾಯಿ ಹಿಂದೆ ಕೂತಿರುವಾಗ. ಬಿಡದಿಯಲ್ಲಿ 2013ರಿಂದ ಜೋಡಿಸುತ್ತಿರುವ ಹೈಬ್ರಿಡ್ ಇದು, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಕಾರು. ನಮ್ಮ ಹುಡುಗರಿಗೆ ಇದರ ಒಳಗು ಹೊರಗು ಗೊತ್ತು. ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಕೆಡುವ ವಸ್ತುಗಳೇ ಕಡಿಮೆ. ಇಳಿಜಾರಿನಲ್ಲಿ ಮೋಟರೇ ಕಾರನ್ನು ಹಿಡಿದು ಬ್ಯಾಟರಿ ತುಂಬಿಸಿಕೊಳ್ಳುವುದರಿಂದ ಬ್ರೇಕ್ ಪ್ಯಾಡ್ ಬಹಳ ದಿನ ಬಾಳುತ್ತದೆ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿ ತಂಪಾಗಲು ಗಾಳಿ ಎಳೆದುಕೊಳ್ಳುವ ಜಾಲರಿ ಇರುತ್ತದೆ. ಅದರ ಮೇಲೆ ಬ್ಯಾಗು, ಹೊದಿಕೆ ಇಡಬೇಡಿ, ಧೂಳು ಸ್ವಚ್ಛ ಮಾಡಿಸುತ್ತಿರಿ. 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ಕ್ಯಾಮ್ರಿ 48 ಲಕ್ಷಕ್ಕೆ ಬಿಡುಗಡೆ ಆಯಿತು, ತೆರಿಗೆ ಬೇರೆ. ಅಷ್ಟು ಬೇಡ ಎಂದರೆ 2019ರ ಮೇಲಿನದನ್ನು ಸೆಕೆಂಡ್ ಹ್ಯಾಂಡ್ ಹುಡುಕಿ.

ಆದರೆ ಅದಕ್ಕೂ ಮುಂಚೆ ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗಿ. ಸೆಡಾನ್ ಸೀಟು ತಗ್ಗು. ಮಂಡಿ ಮಡಚಿ ಕೆಳಗೆ ಕೂರಬೇಕು, ಏಳುವಾಗ ಪೂರ್ತಿ ಭಾರ ಮಂಡಿ ಮೇಲೆ. ಮೂರು ನಾಲ್ಕು ಸಲ ಹತ್ತಿಸಿ ಇಳಿಸಿ ನೋಡಿ. ಅವರ ಮುಖದಲ್ಲಿ ನೋವು ಕಂಡರೆ ಈ ಆಸೆ ಬಿಟ್ಟು, ಸೊಂಟದ ಎತ್ತರಕ್ಕೆ ಸೀಟಿರುವ ಕಾರು ತೆಗೆದುಕೊಳ್ಳಿ. ಸೆಡಾನ್ ಕಾರುಗಳನ್ನೇ ನಂಬಿ ಬದುಕಿದ ನಾನೇ ಇದನ್ನು ಹೇಳುತ್ತಿದ್ದೇನೆ.

ಪ್ರಶ್ನೆ: ಸರ್, ನಮ್ಮ ತಂದೆಯ 1997ರ ಮರ್ಸಿಡಿಸ್ ಇ 250 ಡೀಸೆಲ್ ತೋಟದ ಶೆಡ್‌ನಲ್ಲಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅಲ್ಲಿಂದ ಯಾರೂ ಓಡಿಸಿಲ್ಲ. ಗುಜರಿಗೆ ಹಾಕೋಣ ಎಂದು ಅಣ್ಣ ಹೇಳುತ್ತಾನೆ. ನನಗೆ ಮನಸ್ಸಾಗುತ್ತಿಲ್ಲ. ಅಪ್ಪ ಪ್ರತಿ ಸಲ ಡೀಸೆಲ್ ಹಾಕಿಸಿದ್ದನ್ನು ಡೈರಿಯಲ್ಲಿ ಬರೆದಿಡುತ್ತಿದ್ದರು.
— ಓದುಗರು, ಚಿಕ್ಕಮಗಳೂರು

ತಂಗೀ, ಗುಜರಿಗೆ ಹಾಕಬೇಡಿ. ನಿಮ್ಮ ಅಣ್ಣನಿಗೂ ಈ ಪುಟ ಓದಿಸಿ.

ಮರ್ಸಿಡಿಸ್‌ನವರು ಭಾರತದಲ್ಲಿ ಮೊದಲು ತಯಾರಿಸಿದ್ದೇ ಈ ಕಾರು, 1995ರಲ್ಲಿ, ಪುಣೆಯಲ್ಲಿ. ಐದು ಸಿಲಿಂಡರ್‌ನ ಡೀಸೆಲ್. ನಾನು ಕೆಲಸ ಕಲಿತದ್ದು ಇದರ ಮೇಲೆ. ಆಗಿನ ನಮ್ಮ ಮೇಸ್ತ್ರಿ ಇದರ ಬಾಗಿಲನ್ನು ಒಂದು ಬೆರಳಲ್ಲಿ ಮುಚ್ಚಿಸಿ, ಆ ಸದ್ದು ಕೇಳಿಸಿಕೊಳ್ಳಲು ಹೇಳುತ್ತಿದ್ದರು. ಇವತ್ತಿಗೂ ಯಾರಾದರೂ ಗ್ಯಾರೇಜಿಗೆ ಈ ಕಾರು ತಂದರೆ ಮೊದಲು ಬಾಗಿಲನ್ನೇ ಮುಚ್ಚಿ ನೋಡುತ್ತೇನೆ.

ದಯವಿಟ್ಟು ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಬೇಡಿ. ಎರಡು ವರ್ಷ ನಿಂತ ಡೀಸೆಲ್ ಹಳಸಿರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಫಿಲ್ಟರ್ ಬದಲಾಯಿಸಿ, ಆಯಿಲ್ ಹೊಸದು ಹಾಕಿ, ಇಂಜಿನ್ನನ್ನು ಮೊದಲು ಪಾನಾ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಬ್ರೇಕ್ ಕ್ಯಾಲಿಪರ್‌ಗಳು ಹಿಡಿದುಕೊಂಡಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಪೂರ್ತಿ ತೆಗೆಯಬೇಕು. ಟೈರು ನೋಡಲು ಚೆನ್ನಾಗಿದ್ದರೂ ಬೇಡ. ಮಲೆನಾಡಿನ ಶೆಡ್ ಅಂದಮೇಲೆ ಇಲಿ ಇದ್ದೇ ಇರುತ್ತದೆ, ವೈರಿಂಗ್ ಪೂರ್ತಿ ನೋಡಬೇಕು. ಭಾಗಗಳಿಗೆ ಚಿಂತೆ ಬೇಡ. ಹೊಸದಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರ.

ಕಾಗದ ಮೊದಲು ಸರಿಮಾಡಿ. ಖಾಸಗಿ ಕಾರಿನ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಕಾರಿಗೆ 2012, 2017, 2022 ಹೀಗೆ ಬರುತ್ತದೆ. 2022ರದ್ದು ಆಗಿದೆಯಾ ಅಂತ ಆರ್‌ಸಿಯಲ್ಲಿ ನೋಡಿ. ತಂದೆಯ ಹೆಸರಿನಿಂದ ನಿಮ್ಮ ಹೆಸರಿಗೆ ಬರಲು ಫಾರಂ 31, ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರರ ಪತ್ರ, ಅಣ್ಣನ ಒಪ್ಪಿಗೆ ಪತ್ರ ಬೇಕಾಗುತ್ತದೆ. ತಡವಾಗಿದ್ದಕ್ಕೆ ದಂಡ ಕಟ್ಟಬೇಕಾಗಬಹುದು, ಕಟ್ಟಿಬಿಡಿ.

ಕಾರನ್ನು ಯಾವ ಗ್ಯಾರೇಜಿಗೆ ಸಾಗಿಸಿದರೂ ಹಗ್ಗ ಕಟ್ಟಿ ಎಳೆಸಬೇಡಿ. ಪೂರ್ತಿ ಮೇಲೆ ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ಹತ್ತಿಸುವ ಮುಂಚೆ ಅಪ್ಪನ ಡೈರಿಯ ಕೊನೆಯ ಹತ್ತು ಪುಟದ ಫೋಟೊ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಡೀಸೆಲ್ ಲೆಕ್ಕ ಬರೆದಿಟ್ಟವರು ಆಯಿಲ್, ಕೂಲೆಂಟ್ ಬದಲಾಯಿಸಿದ ತಾರೀಕನ್ನೂ ಬರೆದಿರುತ್ತಾರೆ. ಅದನ್ನು ನೋಡಿ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.