ಈಪರ್‌ಗೆ ಹೋಗುವ ಮುನ್ನ: ಯುದ್ಧಸ್ಮಾರಕಗಳ ಬಗ್ಗೆ ಓದುಗರ ಪ್ರಶ್ನೆಗಳು

ಮೊದಲನೇ ಮಹಾಯುದ್ಧದಲ್ಲಿ ನಾಲ್ಕು ವರ್ಷ ಫಿರಂಗಿ ಗುಂಡು ತಿಂದ ಬೆಲ್ಜಿಯಂನ ಪುಟ್ಟ ಊರು ಈಪರ್. ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಹೆಸರು ಇಪ್ರ್ ಎಂದಿರುತ್ತದೆ. ಅಲ್ಲಿಗೆ ಹೊರಟಿರುವ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬ್ರಸೆಲ್ಸ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಕಾರಿಲ್ಲದೆ, ಒಂದೇ ದಿನದಲ್ಲಿ ಈಪರ್ ನೋಡಿಕೊಂಡು ಬರಬಹುದೇ?

ಉತ್ತರ: ಊರೊಳಗಿನದನ್ನು ನೋಡಬಹುದು, ಸುತ್ತಲಿನ ರಣಭೂಮಿಯನ್ನಲ್ಲ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ ಬೇಕು, ಸಾಮಾನ್ಯವಾಗಿ ಕೋರ್ಟ್ರೈಕ್‌ನಲ್ಲೋ ಗೆಂಟ್‌ನಲ್ಲೋ ಇಳಿದು ಗಾಡಿ ಬದಲಿಸಬೇಕು. ಅನೇಕರು ಎಡವುವುದು ಅಲ್ಲೇ. ಫಲಕದಲ್ಲಿ ಈಪರ್ ಎಂದು ಹುಡುಕುತ್ತಾ ನಿಲ್ಲುತ್ತಾರೆ, ಆದರೆ ಆ ರೈಲಿನ ಕೊನೆಯ ನಿಲ್ದಾಣ ಪೋಪರಿಂಗೆ, ಫಲಕದಲ್ಲಿರುವುದೂ ಅದೇ ಹೆಸರು. ಪೋಪರಿಂಗೆ ರೈಲು ಹತ್ತಿ, ಅದಕ್ಕೆ ಮೊದಲು ಬರುವ ಈಪರ್‌ನಲ್ಲಿ ಇಳಿಯಿರಿ. ದೇಶದೊಳಗಿನ ರೈಲುಗಳಲ್ಲಿ ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ನಿಲ್ದಾಣದಿಂದ ಊರ ನಡುವಿನ ಚೌಕಕ್ಕೆ ಹತ್ತು–ಹದಿನೈದು ನಿಮಿಷದ ನಡಿಗೆ.

ಚೌಕದಲ್ಲಿರುವ, ಮಧ್ಯಯುಗದ ಬಟ್ಟೆ ವ್ಯಾಪಾರದ ಕಟ್ಟಡವಾದ ಕ್ಲಾಥ್ ಹಾಲ್‌ನೊಳಗೇ ಇನ್ ಫ್ಲಾಂಡರ್ಸ್ ಫೀಲ್ಡ್ಸ್ ಮ್ಯೂಸಿಯಂ ಇದೆ. ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುತ್ತದೆ, ಚಳಿಗಾಲದಲ್ಲಿ ಸೋಮವಾರ ರಜೆ. ಇದಕ್ಕೆ ಎರಡೂವರೆ ಗಂಟೆಗಿಂತ ಕಡಿಮೆ ಇಡಬೇಡಿ. ಗೋಪುರ ಹತ್ತುವುದಾದರೆ 231 ಮೆಟ್ಟಿಲು, ಲಿಫ್ಟ್ ಇದೆಯೆಂದುಕೊಂಡು ಟಿಕೆಟ್ ಕೊಳ್ಳಬೇಡಿ. ಮೊಣಕಾಲು ಗಟ್ಟಿಯಿದ್ದರೆ ಖಂಡಿತ ಹತ್ತಿ. ಪೂರ್ವದ ಕಡೆ ಬಿಲ್ಲಿನಂತೆ ಬಾಗಿರುವ ತಗ್ಗು ದಿಬ್ಬದ ಸಾಲು ಕಾಣುತ್ತದೆ. ಆ ದಿಬ್ಬದಿಂದ ಊರಿನ ಪ್ರತಿ ಬೀದಿಗೂ ಗುರಿಯಿಡಬಹುದಿತ್ತು ಎಂಬುದು ನಕ್ಷೆಗಿಂತ ಅಲ್ಲಿ ನಿಂತಾಗಲೇ ಚೆನ್ನಾಗಿ ಅರ್ಥವಾಗುತ್ತದೆ.

ಮೆನಿನ್ ಗೇಟ್ ಎಂಬ ಸ್ಮಾರಕ ಕಮಾನಿನ ಕೆಳಗೆ ಊದುವ ಸಂಜೆ ಎಂಟರ ಕಹಳೆ ಕೇಳಿಯೇ ಹೊರಡುವುದಾದರೆ ಕೊನೆಯ ರೈಲಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಒಂದು ರಾತ್ರಿ ಅಲ್ಲೇ ತಂಗುವುದು ಎಲ್ಲ ರೀತಿಯಲ್ಲೂ ಮೇಲು.

ಪ್ರಶ್ನೆ: ಊರೆಲ್ಲ ಯುದ್ಧದಲ್ಲಿ ನೆಲಸಮವಾಗಿತ್ತಂತೆ. ಹಾಗಾದರೆ ಈಗ ಕಾಣುವ ಮಧ್ಯಯುಗದ ಕಟ್ಟಡಗಳು ಅಸಲಿ ಅಲ್ಲವೇ?

ಉತ್ತರ: ಮತ್ತೆ ಕಟ್ಟಿದವು. 13ನೇ ಶತಮಾನದ ಕ್ಲಾಥ್ ಹಾಲ್‌ಗೆ 1914ರ ನವೆಂಬರ್ 22ರಂದು ಬೆಂಕಿ ಬಿತ್ತು, ಯುದ್ಧ ಮುಗಿಯುವ ಹೊತ್ತಿಗೆ ಮೊಂಡು ಗೋಪುರವಷ್ಟೇ ಉಳಿದಿತ್ತು. ಊರನ್ನು ಹಾಳಾದ ಸ್ಥಿತಿಯಲ್ಲೇ ಸ್ಮಾರಕವಾಗಿ ಬಿಡಬೇಕೆಂಬುದು ಚರ್ಚಿಲ್ ಅವರ ಅಭಿಪ್ರಾಯವಾಗಿತ್ತು. ತಮ್ಮ ಮನೆ ತಮಗೆ ಬೇಕೆಂದು ಊರವರು ಕಟ್ಟಿಕೊಂಡರು, ಅವರು ಮಾಡಿದ್ದೇ ಸರಿ. ಯುದ್ಧಕ್ಕೆ ಮೊದಲೇ ಕಟ್ಟಡದ ದುರಸ್ತಿ ನೋಡಿಕೊಳ್ಳುತ್ತಿದ್ದ ನಗರ ವಾಸ್ತುಶಿಲ್ಪಿ ಜೂಲ್ಸ್ ಕೂಮನ್ಸ್ ಅವರೇ ಮರುನಿರ್ಮಾಣಕ್ಕೂ ನಿಂತರು. ಕ್ಲಾಥ್ ಹಾಲ್‌ನ ಕೆಲಸ ಪೂರ್ತಿ ಮುಗಿದದ್ದು 1967ರಲ್ಲಿ. ಊರ ಸುತ್ತಲಿನ ಕೋಟೆಗೋಡೆ ಮಾತ್ರ ಬಹುಪಾಲು ಹಳೆಯದೇ.

ಪ್ರಶ್ನೆ: ಮೆನಿನ್ ಗೇಟ್‌ನ ಲಾಸ್ಟ್ ಪೋಸ್ಟ್ ಕಾರ್ಯಕ್ರಮಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು? ಟಿಕೆಟ್ ಬೇಕೇ?

ಉತ್ತರ: ಟಿಕೆಟ್ ಇಲ್ಲ. ಲಾಸ್ಟ್ ಪೋಸ್ಟ್ ಎಂದರೆ ಮಡಿದ ಸೈನಿಕರ ನೆನಪಿಗೆ ಊದುವ ಕಹಳೆ. ವರ್ಷವಿಡೀ, ಮಳೆಯಿರಲಿ ಹಿಮವಿರಲಿ, ಪ್ರತಿದಿನ ರಾತ್ರಿ 8ಕ್ಕೆ ಸರಿಯಾಗಿ ನಡೆಯುತ್ತದೆ. 1928ರಲ್ಲಿ ಆರಂಭವಾದ ಈ ಪದ್ಧತಿ ಊರು ಜರ್ಮನ್ನರ ವಶದಲ್ಲಿದ್ದ 1940–44ರಲ್ಲಿ ಮಾತ್ರ ಇಲ್ಲಿ ನಿಂತಿತ್ತು, ಆಗ ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಮುಂದುವರಿಯಿತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ ಕಹಳೆ ಮತ್ತೆ ಮೊಳಗಿತು. ಊದುವವರು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದೊಂದಿಗೆ ನಂಟಿರುವವರು.

ಏಳೂವರೆಯ ಸುಮಾರಿಗೆ ಕಮಾನಿನ ಕೆಳಗಿನ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ, ಅದರಲ್ಲೂ ಶಾಲಾ ಪ್ರವಾಸದ ದಿನಗಳಲ್ಲಿ, 7.15ಕ್ಕೇ ನಿಂತರೆ ಮುಂದಿನ ಸಾಲು ಸಿಗುತ್ತದೆ. ಚಳಿಗಾಲದ ವಾರದ ದಿನ 7.45ಕ್ಕೆ ಹೋದರೂ ಸಾಕು. ಎಂಟಕ್ಕೆ ಹೋದವರಿಗೆ ಕಾಣುವುದು ಮುಂದಿನವರ ಬೆನ್ನು. ಕಹಳೆ, ಒಂದು ನಿಮಿಷದ ಮೌನ, ಹೂಚಕ್ರ ಇಡುವುದು, ಮತ್ತೆ ಕಹಳೆ. ಹೂಚಕ್ರ ಇಡುವವರಿದ್ದರೆ ಹದಿನೈದು ನಿಮಿಷದವರೆಗೂ ಹೋಗುತ್ತದೆ. ನೀವೇ ಹೂಚಕ್ರ ಇಡಬೇಕೆಂದಿದ್ದರೆ ಲಾಸ್ಟ್ ಪೋಸ್ಟ್ ಅಸೋಸಿಯೇಷನ್ನಿಗೆ ಮೊದಲೇ ಅರ್ಜಿ ಹಾಕಬೇಕು, ಅಂದೇ ಹೋಗಿ ಕೇಳಿದರೆ ಆಗದು. ಕೊನೆಯಲ್ಲಿ ಚಪ್ಪಾಳೆ ತಟ್ಟಬಾರದು. ಇದು ಪ್ರದರ್ಶನವಲ್ಲ, ಶ್ರದ್ಧಾಂಜಲಿ. ಯುದ್ಧ ನಿಂತ ದಿನವಾದ ನವೆಂಬರ್ 11ರಂದು ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆ ದಿನವೇ ಬೇಕೆನ್ನುವವರು ತಿಂಗಳುಗಳ ಮುಂಚೆ ಕೋಣೆ ಹಿಡಿಯಬೇಕು.

ಪ್ರಶ್ನೆ: ಅಲ್ಲಿ ಭಾರತೀಯ ಸೈನಿಕರ ಹೆಸರುಗಳಿವೆಯೇ? ಎಲ್ಲಿ ಹುಡುಕಬೇಕು?

ಉತ್ತರ: ಇವೆ, ಮತ್ತು ಅವನ್ನು ನೋಡದೆ ಬಂದರೆ ಪ್ರವಾಸ ಅರ್ಧವೇ. ಬ್ರಿಟಿಷ್ ಭಾರತದ ಸೇನೆಯ ಲಾಹೋರ್ ಡಿವಿಷನ್ನಿನ ತುಕಡಿಗಳನ್ನು 1914ರ ಅಕ್ಟೋಬರ್‌ನಲ್ಲಿ ಇಲ್ಲಿನ ಕಂದಕಗಳಿಗೆ ಇಳಿಸಿದರು. ಈಗ ಈಪರ್ ಪುರಸಭೆಗೇ ಸೇರಿರುವ ಹೊಲೆಬೆಕೆ ಹಳ್ಳಿಯಲ್ಲಿ ಅಕ್ಟೋಬರ್ 31ರಂದು ಮೆಷಿನ್ ಗನ್ ಬಿಡದೆ ಹೋರಾಡಿದ 129ನೇ ಬಲೂಚಿ ಪಡೆಯ ಸಿಪಾಯಿ ಖುದಾದಾದ್ ಖಾನ್, ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ. 1915ರ ಏಪ್ರಿಲ್ 22ರಂದು ಜರ್ಮನ್ನರು ಈಪರ್ ಬಳಿ ಕ್ಲೋರಿನ್ ಅನಿಲ ಬಿಟ್ಟ ನಾಲ್ಕೇ ದಿನಕ್ಕೆ ಅದೇ ಡಿವಿಷನ್ನನ್ನು ಮತ್ತೆ ಕರೆಸಿ ದಾಳಿಗೆ ಕಳಿಸಿದರು. ಜಮಾದಾರ್ (ಆಗಿನ ಸೇನೆಯ ಕಿರಿಯ ಭಾರತೀಯ ಅಧಿಕಾರಿ) ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ಆ ದಿನದ ಹೋರಾಟಕ್ಕೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಸ್ಮಶಾನದಲ್ಲಿರುವುದು ಸಮಾಧಿ. ಮೆನಿನ್ ಗೇಟ್‌ನಂಥ ಸ್ಮಾರಕದಲ್ಲಿರುವುದು ಗೊತ್ತಾದ ಸಮಾಧಿಯೇ ಇಲ್ಲದವರ ಹೆಸರು. ಗೇಟ್‌ನಲ್ಲಿ 54,000ಕ್ಕೂ ಹೆಚ್ಚು ಹೆಸರುಗಳಿವೆ, ಅವುಗಳಲ್ಲಿ ಭಾರತೀಯರದು 400ಕ್ಕೂ ಹೆಚ್ಚು. ಹೆಸರುಗಳನ್ನು ಕೆತ್ತಿರುವುದು ರೆಜಿಮೆಂಟಿನ ಪ್ರಕಾರ, ಅದರೊಳಗೆ ಹುದ್ದೆ, ಅದರೊಳಗೆ ಅಕ್ಷರಾನುಕ್ರಮ. ಆದ್ದರಿಂದ ಬರೀ ಹೆಸರು ಹಿಡಿದು ಹೋದರೆ ಸಿಗುವುದಿಲ್ಲ, ರೆಜಿಮೆಂಟ್ ಮತ್ತು ಪ್ಯಾನೆಲ್ ಸಂಖ್ಯೆ ಬೇಕು. ಎರಡೂ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹುಡುಕುವಾಗ ಕಾಗುಣಿತ ಕೈಕೊಡುತ್ತದೆ. ಗುಮಾಸ್ತರು ಕಿವಿಗೆ ಬಿದ್ದಂತೆ ರೋಮನ್ ಲಿಪಿಯಲ್ಲಿ ಬರೆದುಕೊಂಡ ಹೆಸರುಗಳಿವು. ಒಬ್ಬರ ಮೊಹಮ್ಮದ್ ಇನ್ನೊಬ್ಬರಿಗೆ ಮುಹಮ್ಮದ್. ಒಂದೇ ಹೆಸರನ್ನು ಮನೆತನದ ಖಾನೆಯಲ್ಲೂ ಸ್ವಂತ ಹೆಸರಿನ ಖಾನೆಯಲ್ಲೂ ಹಾಕಿ ನೋಡಿ. ಸಿಗದಿದ್ದರೆ ಹೆಸರು ಬಿಟ್ಟು, ಸೇನೆಯನ್ನು ಭಾರತೀಯ ಎಂದೂ ಸ್ಮಾರಕವನ್ನು ಮೆನಿನ್ ಗೇಟ್ ಎಂದೂ ಆರಿಸಿ ಇಡೀ ಪಟ್ಟಿ ತೆಗೆಯಿರಿ. ಹಲವು ದಾಖಲೆಗಳಲ್ಲಿ ತಂದೆಯ ಹೆಸರು, ಹಳ್ಳಿ, ತಹಸೀಲು, ಜಿಲ್ಲೆ ಇರುವುದರಿಂದ ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಗೋಡೆ ಬಹಳ ಎತ್ತರ. ಮೇಲಿನ ಸಾಲುಗಳಿಗೆ ಪುಟ್ಟ ದುರ್ಬೀನು ಅಥವಾ ಜೂಮ್ ಇರುವ ಕ್ಯಾಮೆರಾ ಒಯ್ಯಿರಿ, ಹಗಲಲ್ಲೇ ಹುಡುಕಿಟ್ಟುಕೊಳ್ಳಿ. ಸಂಜೆಯ ಜನಜಂಗುಳಿಯಲ್ಲಿ ಗೋಡೆಯ ಹತ್ತಿರ ಹೋಗಲಾಗದು.

ಗೇಟ್‌ನ ಪಕ್ಕದ ಮೆಟ್ಟಿಲೇರಿ ಕೋಟೆಗೋಡೆಯ ಹುಲ್ಲುಹಾಸಿಗೆ ಬಂದರೆ ಭಾರತೀಯ ಸೈನಿಕರ ಪ್ರತ್ಯೇಕ ಸ್ಮಾರಕವೂ ಇದೆ. ಮೇಲೆ ಅಶೋಕನ ಸಿಂಹಗಳಿವೆ, ಬಹಳಷ್ಟು ಪ್ರವಾಸಿಗರು ಗಮನಿಸದೇ ದಾಟಿಹೋಗುತ್ತಾರೆ. ಫ್ರಾನ್ಸಿನ ನೆಲದಲ್ಲಿ ಕಾಣೆಯಾದವರ ಹೆಸರು ಈಪರ್‌ನಲ್ಲಿ ಸಿಗದು. ಅದಕ್ಕೆ ಗಡಿಯಾಚೆಯ ನವ್ ಶಾಪೆಲ್‌ಗೆ ಹೋಗಬೇಕು. 1927ರಲ್ಲಿ ಅನಾವರಣಗೊಂಡ ಅಲ್ಲಿನ ದುಂಡು ಗೋಡೆಯಲ್ಲಿ 4,700ಕ್ಕೂ ಹೆಚ್ಚು ಭಾರತೀಯ ಹೆಸರುಗಳಿವೆ. ಕಾರು ಮಾಡಿಕೊಂಡು ಹೋಗುವುದೇ ಅನುಕೂಲ.

ಪ್ರಶ್ನೆ: ನಮ್ಮ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು. ಅವರ ಜೊತೆಗಾರರ ಹೆಸರು ಮೆನಿನ್ ಗೇಟ್‌ನಲ್ಲಿರಬಹುದೇ?

ಉತ್ತರ: ಇರುವುದಿಲ್ಲ. ಮೈಸೂರು ಸಂಸ್ಥಾನದ ಆ ಅಶ್ವದಳ ಹೋದದ್ದು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ, ಈಗ ಇಸ್ರೇಲಿನಲ್ಲಿರುವ ಹೈಫಾವನ್ನು ಗೆದ್ದದ್ದು ಅವರೇ. ಹೈಫಾದ ಭಾರತೀಯ ಸ್ಮಶಾನ ಮತ್ತು ಈಜಿಪ್ಟಿನ ಹೆಲಿಯೊಪೊಲಿಸ್‌ನ ಪೋರ್ಟ್ ತೌಫೀಕ್ ಸ್ಮಾರಕದ ಪಟ್ಟಿಗಳನ್ನು ಅದೇ ಕಮಿಷನ್ನಿನ ಜಾಲತಾಣದಲ್ಲಿ ನೋಡಿ.

ಪ್ರಶ್ನೆ: ಊರ ಹೊರಗಿನ ಸ್ಮಶಾನಗಳಲ್ಲಿ ಯಾವುದನ್ನು ಆರಿಸಬೇಕು? ಸೈಕಲ್‌ನಲ್ಲಿ ಸಾಧ್ಯವೇ?

ಉತ್ತರ: ಸಾಧ್ಯ, ಮೂರಕ್ಕಿಂತ ಹೆಚ್ಚು ಬೇಡ. ಸುತ್ತಮುತ್ತ ನೂರಕ್ಕೂ ಹೆಚ್ಚು ಸ್ಮಶಾನಗಳಿವೆ. ಎಣಿಕೆಗಾಗಿ ಸುತ್ತಿದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಿಳಿ ಕಲ್ಲೂ ಒಂದೇ ಥರ ಕಾಣತೊಡಗುತ್ತದೆ. ಉತ್ತರಕ್ಕೆ ಕಾಲುವೆಯ ಪಕ್ಕದ ಎಸ್ಸೆಕ್ಸ್ ಫಾರ್ಮ್‌ನಿಂದ ಶುರುಮಾಡಿ. ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ಕಾಂಕ್ರೀಟ್ ಕೋಣೆಗಳು ಅಲ್ಲಿ ಹಾಗೇ ಇವೆ, ‘ಇನ್ ಫ್ಲಾಂಡರ್ಸ್ ಫೀಲ್ಡ್ಸ್’ ಕವಿತೆ ಬರೆದ ಕೆನಡಾದ ವೈದ್ಯ ಜಾನ್ ಮೆಕ್ರೇ ಕೆಲಸ ಮಾಡಿದ್ದು ಈ ಜಾಗದಲ್ಲೇ. ಅಲ್ಲಿಂದ ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನ: ಓಕ್ ಮರಗಳ ನೆರಳು, ನೆಲಕ್ಕೆ ಹಾಸಿದ ಕಪ್ಪು ಕಲ್ಲು, 44,000ಕ್ಕೂ ಹೆಚ್ಚು ಜನ, ಅವರಲ್ಲಿ ಸುಮಾರು 25,000 ಮಂದಿ ಒಂದೇ ಸಾಮೂಹಿಕ ಸಮಾಧಿಯಲ್ಲಿ. ಸೋತವರ ಸ್ಮಶಾನವನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಡಬೇಡಿ. ಕೊನೆಗೆ ಪಾಶೆಂಡೇಲ್ ದಿಬ್ಬದ ಟೈನ್ ಕಾಟ್. 11,900ಕ್ಕೂ ಹೆಚ್ಚು ಸಮಾಧಿಗಳಲ್ಲಿ 8,300ಕ್ಕೂ ಹೆಚ್ಚು ಮಂದಿ ಯಾರೆಂದು ಗೊತ್ತಿಲ್ಲ. ಮೆನಿನ್ ಗೇಟ್‌ನಲ್ಲಿ ಜಾಗ ಸಾಲದೆ, 1917ರ ಆಗಸ್ಟ್ 15ರ ನಂತರ ಕಾಣೆಯಾದ ಬ್ರಿಟಿಷರ ಹೆಸರನ್ನು ಇಲ್ಲಿನ ಹಿಂಗೋಡೆಗೆ ತಂದರು, ಸುಮಾರು 35,000 ಹೆಸರು. ನಡುವಿನ ಶಿಲುಬೆ ನಿಂತಿರುವುದು ಜರ್ಮನ್ ಪಿಲ್‌ಬಾಕ್ಸ್‌ನ, ಅಂದರೆ ಒಳಗಿನಿಂದ ಗುಂಡು ಹಾರಿಸುವ ಕಾಂಕ್ರೀಟ್ ಕೋಣೆಯ, ಮೇಲೆ.

ಒಟ್ಟು ಸುತ್ತು 30 ಕಿಲೋಮೀಟರಿನ ಆಸುಪಾಸು. ಏರು ಕಡಿಮೆ, ಆದರೆ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವುದರಿಂದ ಟೈನ್ ಕಾಟ್‌ನಿಂದ ಈಪರ್‌ಗೆ ಮರಳುವಾಗ ಎದುರಾಗುತ್ತದೆ. ಕಸುವು ಉಳಿಸಿಕೊಳ್ಳಿ. ಸೈಕಲ್ ದಾರಿಗಳ ಕೂಡುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ, ದಾಟಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮೊಬೈಲ್ ಬೇಡ. ಹಳ್ಳಿ ಬಸ್ಸುಗಳು ವಿರಳ, ಭಾನುವಾರ ಇನ್ನೂ ವಿರಳ. ಬ್ರಿಟಿಷ್ ಸ್ಮಶಾನಗಳ ದ್ವಾರದ ಬಳಿ ಗೋಡೆಯಲ್ಲಿ ಪುಟ್ಟ ಲೋಹದ ಬಾಗಿಲಿರುತ್ತದೆ. ಒಳಗೆ ಸಮಾಧಿಗಳ ಪಟ್ಟಿ ಮತ್ತು ಸಂದರ್ಶಕರ ಪುಸ್ತಕ. ತೆರೆದು ನೋಡಬಹುದು, ನೋಡಿದ ಮೇಲೆ ಬಾಗಿಲು ಸರಿಯಾಗಿ ಮುಚ್ಚಿ, ಇಲ್ಲದಿದ್ದರೆ ಪುಸ್ತಕ ಮಳೆಗೆ ನೆನೆಯುತ್ತದೆ.

ಪ್ರಶ್ನೆ: ಹೊಲದ ಬದಿಯಲ್ಲಿ ಹಳೆಯ ಗುಂಡುಗಳು ಸಿಗುತ್ತವಂತೆ. ಮಗನಿಗೆ ನೆನಪಿಗೆ ಒಂದು ತರಬಹುದೇ?

ಉತ್ತರ: ಬೇಡವೇ ಬೇಡ, ಮುಟ್ಟಲೂಬೇಡಿ. ನೂರು ವರ್ಷ ದಾಟಿದರೂ ಉಳುಮೆಯ ಕಾಲಕ್ಕೆ ಸಿಡಿಯದ ಶೆಲ್ಲುಗಳು ಮೇಲೆ ಬರುತ್ತಲೇ ಇವೆ. ರೈತರು ಅವನ್ನು ರಸ್ತೆ ಬದಿಯ ಕಂಬದ ಬುಡದಲ್ಲಿ ಇಟ್ಟಿರುತ್ತಾರೆ, ಸೇನೆಯ ಬಾಂಬ್ ನಿಷ್ಕ್ರಿಯ ದಳ ಬಂದು ಒಯ್ಯುತ್ತದೆ. ತುಕ್ಕು ಹಿಡಿದಷ್ಟೂ ಅಪಾಯ ಹೆಚ್ಚು: ಹೊರಗವಚ ತೆಳುವಾಗಿರುತ್ತದೆ, ಸಿಡಿಮದ್ದಿನ ಕಸುವು ಉಳಿದಿರುತ್ತದೆ. ಕೆಲವುಗಳ ಒಳಗಿರುವುದು ವಿಷಾನಿಲ. ಸಾಸಿವೆ ಅನಿಲವನ್ನು ಮೊದಲು ಬಳಸಿದ್ದೇ ಈ ಊರ ಬಳಿ, 1917ರ ಜುಲೈನಲ್ಲಿ, ಅದು ಸೋರಿ ಚರ್ಮಕ್ಕೆ ತಗುಲಿದರೆ ಗುಳ್ಳೆ ಏಳುವುದು ಗಂಟೆಗಳ ನಂತರ. ಅನುಮತಿಯಿಲ್ಲದೆ ಲೋಹಶೋಧಕ ಹಿಡಿದು ನೆಲ ಕೆದಕುವುದು ಅಪರಾಧ. ಖಾಲಿ ತೋಟೆಯೆಂದು ಬ್ಯಾಗಿಗೆ ಹಾಕಿಕೊಂಡರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಏನಾದರೂ ಕಂಡರೆ ದೂರ ಸರಿದು, ಜಾಗ ಗುರುತಿಟ್ಟುಕೊಂಡು 112ಕ್ಕೆ ಕರೆ ಮಾಡಿ. ಮಗನಿಗೆ ಮ್ಯೂಸಿಯಂ ಅಂಗಡಿಯಿಂದ ಕಂದಕಗಳ ನಕ್ಷೆಯೊಂದನ್ನು ಕೊಂಡುತನ್ನಿ.