ಅಮೆರಿಕದ ಕಾಲೇಜು ಫುಟ್‌ಬಾಲ್‌ಗೆ ರೇಡಿಯೊ ಕಾಮೆಂಟರಿ ಹೇಳಲು ಒಳ್ಳೆಯ ಕಂಠ, ಅಮೆರಿಕನ್ ಉಚ್ಚಾರಣೆ ಎರಡೂ ಬೇಕಾ?

ಎರಡೂ ಬೇಡ. ಅಲ್ಲಿ ಓದಲು ಹೋದಾಗ ನನಗೂ ಇದೇ ಚಿಂತೆ. ವಿದ್ಯಾರ್ಥಿ ರೇಡಿಯೊ ಸೇರಿ, ರೂಮಿನಲ್ಲಿ 'ಟಚ್‌ಡೌನ್' (ಚೆಂಡು ಎದುರಾಳಿಯ ಕೊನೇ ಗೆರೆ ದಾಟಿತು) ಅಂತ ಕೂಗಿದ್ದೇ ಕೂಗಿದ್ದು. ರೂಮ್‌ಮೇಟ್ ಪಾಡು ಕೇಳಬೇಡಿ.

ನಾನು ಎಡವಿದ್ದು ಕಂಠದಲ್ಲಲ್ಲ, ಕಾಗದದಲ್ಲಿ. ಆಟಗಾರರ ಪಟ್ಟಿಯನ್ನು ನಂಬರಿನ ಪ್ರಕಾರ ಬರೆದುಕೊಂಡಿದ್ದೆ. ಒಂದು ನಂಬರಿಗೆ ಒಂದು ಹೆಸರು. ಆದರೆ ಕಾಲೇಜು ತಂಡದಲ್ಲಿ ನೂರಕ್ಕಿಂತ ಜಾಸ್ತಿ ಹುಡುಗರಿರುತ್ತಾರೆ, ಜೆರ್ಸಿ ನಂಬರು 99ಕ್ಕೆ ಮುಗಿಯುತ್ತದೆ. ಹಾಗಾಗಿ ಒಂದೇ ನಂಬರನ್ನು ಇಬ್ಬರಿಗೆ ಕೊಡುತ್ತಾರೆ. ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಇಳಿಯುವಂತಿಲ್ಲ, ಅಷ್ಟೇ. ಸಾಮಾನ್ಯವಾಗಿ ಒಬ್ಬ ಅಫೆನ್ಸ್‌ನಲ್ಲಿ, ಅಂದರೆ ಚೆಂಡು ತಮ್ಮ ಕಡೆ ಇದ್ದಾಗ ಆಡುವವರಲ್ಲಿ; ಇನ್ನೊಬ್ಬ ಡಿಫೆನ್ಸ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯಲು ಇಳಿಯುವವರಲ್ಲಿ. ನಾನು ಹೆಸರುವಾಸಿಯನ್ನು ಬರೆದುಕೊಂಡು ಇನ್ನೊಬ್ಬನನ್ನು ಬಿಟ್ಟಿದ್ದೆ. ನಮ್ಮವರು ಎಸೆದ ಚೆಂಡನ್ನು ಎದುರಾಳಿಯ 5ನೇ ನಂಬರಿನವನು ನಡುವೆ ಹಿಡಿದು ಓಡಿದ. ನಾನು ಗಂಟಲು ಹರಿಯುವಂತೆ ಅವರ ಕ್ವಾರ್ಟರ್‌ಬ್ಯಾಕ್ ಹೆಸರು ಕೂಗಿದೆ. ಅಂದರೆ ಅವರ ಕಡೆ ಚೆಂಡು ಎಸೆಯುವವನು! ಅವನು ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದ. ಮೈದಾನದಲ್ಲಿ ಇರುವುದು ಅವರ ಡಿಫೆನ್ಸ್ ಅನ್ನುವುದು ನನಗೆ ಹೊಳೆಯಬೇಕಿತ್ತು. ನಂಬರಿನ ಪಟ್ಟಿ ನೋಡುವವನಿಗೆ ಅದು ಹೊಳೆಯುವುದಿಲ್ಲ. ಪಕ್ಕದವನು ಕಾಲು ತುಳಿದರೂ ಅದೇ ಹೆಸರು ಹೇಳುತ್ತಲೇ ಇದ್ದೆ. ಆ ಸೀಸನ್ ಮುಗಿಯುವವರೆಗೆ ಮೈಕ್ ಕಿತ್ತುಕೊಂಡು ನನ್ನನ್ನು ಸ್ಪಾಟರ್ ಮಾಡಿದರು.

ಸ್ಪಾಟರ್ ಬಾಯಿ ಬಿಡುವಂತಿಲ್ಲ. ಬೈನಾಕ್ಯುಲರ್‌ನಲ್ಲಿ ನೋಡಿ, ಯಾರು ಹಿಡಿದ, ಯಾರು ಕೆಡವಿದ ಅಂತ ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸಬೇಕು. ಬೋರ್ಡು ಹೇಗಿರಬೇಕು ಅಂತ ಗೊತ್ತಾಗಿದ್ದೇ ಆಗ. ಹುಡುಗರು ಮೈದಾನದಲ್ಲಿ ನಿಲ್ಲುವ ಜಾಗದಲ್ಲೇ ಅವರ ಹೆಸರು. ಅದರ ಕೆಳಗೆ ಬದಲಿ ಆಟಗಾರ. ಅಫೆನ್ಸ್‌ಗೆ ಒಂದು ಹಾಳೆ, ಡಿಫೆನ್ಸ್‌ಗೆ ಇನ್ನೊಂದು. ಪಕ್ಕದಲ್ಲಿ ಊರು, ಹಿಂದಿನ ಪಂದ್ಯದಲ್ಲಿ ಚೆಂಡನ್ನು ಮುಂದೆ ಸಾಗಿಸಿದ ಯಾರ್ಡುಗಳು. ಬರೆದದ್ದರಲ್ಲಿ ಮುಕ್ಕಾಲು ಪಾಲು ಹೇಳದೇ ಉಳಿಯುತ್ತದೆ, ಉಳಿಯಲಿ. ಸುಮ್ನೆ ತುರುಕಬೇಡಿ.

ಕೂಗಾಟವೇ ಕಾಮೆಂಟರಿ ಅನ್ನುವವರು 1982ರ ನವೆಂಬರ್ 20ರಂದು ಕ್ಯಾಲಿಫೋರ್ನಿಯಾ ತಂಡದ ರೇಡಿಯೊ ಕಾಮೆಂಟೇಟರ್ ಜೋ ಸ್ಟಾರ್ಕಿ ಹೇಳಿದ ಕಾಮೆಂಟರಿಯನ್ನು ಕೇಳಬೇಕು. ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಪಂದ್ಯದ ಕೊನೇ ಕ್ಷಣ. ಚೆಂಡು 5 ಸಲ ಕೈಯಿಂದ ಕೈಗೆ ಹೋಗಿದೆ, ಪಂದ್ಯ ಮುಗಿಯಿತು ಅಂದುಕೊಂಡು ಸ್ಟ್ಯಾನ್‌ಫರ್ಡ್‌ನ ವಾದ್ಯದವರು ಮೈದಾನಕ್ಕೇ ನುಗ್ಗಿದ್ದಾರೆ. ಸ್ಟಾರ್ಕಿ ಕಿರುಚುತ್ತಾರೆ ನಿಜ. ಆದರೆ ಚೆಂಡು ಎಲ್ಲಿದೆ ಅನ್ನುವುದನ್ನು ಬಿಡುವುದಿಲ್ಲ: ಮೈದಾನದ ಮಧ್ಯ, 30 ಯಾರ್ಡ್ ಗೆರೆ, 20. ಗೆರೆ ದಾಟಿದ ಮೇಲೂ ಗೆದ್ದರು ಅಂತ ಘೋಷಿಸದೆ ಅಂಪೈರ್‌ಗಳ ತೀರ್ಮಾನಕ್ಕೆ ಕಾಯುತ್ತಾರೆ. ಕ್ಯಾಲಿಫೋರ್ನಿಯಾ 25-20ರಲ್ಲಿ ಗೆದ್ದಿತು.

ರೇಡಿಯೊ ಕೇಳುವವನಿಗೆ ಏನೂ ಕಾಣುವುದಿಲ್ಲ ಅಲ್ವಾ? ಸ್ಕೋರು, ಉಳಿದ ಸಮಯ, ಎಷ್ಟನೇ ಡೌನ್ (ಚೆಂಡನ್ನು ಮುಂದೆ ಸಾಗಿಸುವ ಎಷ್ಟನೇ ಯತ್ನ), ಇನ್ನೆಷ್ಟು ಯಾರ್ಡ್ ಅಂತ ಬೇಜಾರಾಗುವಷ್ಟು ಸಲ ಹೇಳಿ. ಬೇಸ್‌ಬಾಲ್ ಕಾಮೆಂಟೇಟರ್ ರೆಡ್ ಬಾರ್ಬರ್ ಸ್ಕೋರು ಹೇಳಲು ಮರೆಯಬಾರದು ಅಂತ 3 ನಿಮಿಷದ ಮರಳು ಗಡಿಯಾರವನ್ನೇ ಇಟ್ಟುಕೊಂಡಿದ್ದರು.

ಉಚ್ಚಾರಣೆಯ ಚಿಂತೆ ಆಟಗಾರರ ಹೆಸರುಗಳಿಗೆ ಇರಲಿ. ಎದುರಾಳಿ ತಂಡದ ಮಾಧ್ಯಮ ವಿಭಾಗಕ್ಕೆ ಫೋನ್ ಮಾಡಿ ಒಂದೊಂದೇ ಹೆಸರು ಕೇಳಿ ಬರೆದುಕೊಳ್ಳಿ. ಆ ಹುಡುಗನ ಅಮ್ಮ ಎಲ್ಲೋ ಕೂತು ಕೇಳುತ್ತಿರುತ್ತಾರೆ. ಮತ್ತೆ, ನಿಮ್ಮ ಕಾಲೇಜು ರೇಡಿಯೊಗೆ ಹೋದಾಗ ಮೈಕ್ ಕೇಳಬೇಡಿ. ಸ್ಪಾಟರ್ ಬೇಕಾ ಅಂತ ಕೇಳಿ. ಆ ಕೆಲಸಕ್ಕೆ ಯಾರೂ ಬರುವುದಿಲ್ಲ, ತಕ್ಷಣ ಸೇರಿಸಿಕೊಳ್ಳುತ್ತಾರೆ.