ಪ್ರವಾಸ ಪ್ರಶ್ನೋತ್ತರ: ನ್ಯೂಜಿಲೆಂಡಿನ ಸರೋವರಗಳ ದಾರಿಯಲ್ಲಿ ಕ್ಯಾಂಪರ್ ವ್ಯಾನ್

ಪ್ರಶ್ನೆ: ಬರುವ ಏಪ್ರಿಲ್ ಕೊನೆಯಲ್ಲಿ, ಮಗಳ ಬೇಸಿಗೆ ರಜೆಯಲ್ಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ಕ್ಯಾಂಪರ್ ವ್ಯಾನಿನಲ್ಲಿ ಸುತ್ತಬೇಕೆಂದಿದ್ದೇವೆ. ನಾವಿಬ್ಬರು, ಐದು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆಯವರು ಹೊರಟಿದ್ದೇವೆ. ಕ್ರೈಸ್ಟ್‌ಚರ್ಚ್‌ನಿಂದ ಹೊರಟು ಟೆಕಪೊ, ಮೌಂಟ್ ಕುಕ್, ವಾನಕ, ಪಶ್ಚಿಮ ಕರಾವಳಿಯ ಹಿಮನದಿಗಳು, ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್ ನೋಡಿಕೊಂಡು ಹತ್ತು ದಿನಗಳಲ್ಲಿ ಮತ್ತೆ ಕ್ರೈಸ್ಟ್‌ಚರ್ಚ್‌ಗೆ ಮರಳಲು ಸಾಧ್ಯವೇ? (ಮೈಸೂರಿನ ಓದುಗರು)

ಉತ್ತರ: ಸಾಧ್ಯವಿದೆ, ಆದರೆ ಆ ಹತ್ತು ದಿನಗಳಲ್ಲಿ ನೀವು ನೋಡುವುದು ಹೆಚ್ಚಾಗಿ ವ್ಯಾನಿನ ಮುಂದಿನ ಗಾಜನ್ನೇ. ನನ್ನ ಸಲಹೆ ಕೇಳುವುದಾದರೆ ಪಶ್ಚಿಮ ಕರಾವಳಿಯನ್ನು ಪಟ್ಟಿಯಿಂದ ಕೈಬಿಡಿ. ಕ್ರೈಸ್ಟ್‌ಚರ್ಚ್‌ಗೆ ಮರಳುವ ಯೋಚನೆಯನ್ನೂ ಬಿಟ್ಟು, ವ್ಯಾನನ್ನು ಕ್ವೀನ್ಸ್‌ಟೌನಿನಲ್ಲೇ ಒಪ್ಪಿಸಿ ಅಲ್ಲಿಂದ ವಿಮಾನ ಹತ್ತಿರಿ. ಒಂದೂರಿನಲ್ಲಿ ಪಡೆದು ಇನ್ನೊಂದೂರಿನಲ್ಲಿ ಬಿಡುವುದಕ್ಕೆ ಕೆಲವು ಕಂಪನಿಗಳು ಹೆಚ್ಚುವರಿ ಶುಲ್ಕ ಹಾಕುತ್ತವೆ. ಉಳಿಯುವ ಇಂಧನ ಮತ್ತು ಒಂದೂವರೆ ದಿನದ ಬೆಲೆಯ ಮುಂದೆ ಅದು ದುಬಾರಿಯಲ್ಲ.

ಕ್ಯಾಂಪರ್ ವ್ಯಾನಿನ ಪ್ರವಾಸವನ್ನು ನೋಡಬೇಕಾದ ಸ್ಥಳಗಳ ಲೆಕ್ಕದಲ್ಲಿ ಅಲ್ಲ, ತಂಗುವ ರಾತ್ರಿಗಳ ಲೆಕ್ಕದಲ್ಲಿ ಹೂಡಬೇಕು. ಏಪ್ರಿಲ್ ಅಲ್ಲಿ ಶರತ್ಕಾಲವಾದ್ದರಿಂದ ತಿಂಗಳ ಕೊನೆಗೆ ಸಂಜೆ ಆರರ ಹೊತ್ತಿಗೆ ಕತ್ತಲಾಗುತ್ತದೆ, ಗುಡ್ಡಗಾಡಿನಲ್ಲಿ ರಾತ್ರಿಯ ಚಳಿ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ನಾಲ್ಕು ಗಂಟೆಗೆಲ್ಲ ವ್ಯಾನ್ ನಿಲ್ಲಿಸಿ, ನೀರು ತುಂಬಿಸಿ, ವಿದ್ಯುತ್ ತಂತಿ ಜೋಡಿಸಿ, ಬೆಳಕಿರುವಾಗಲೇ ಅನ್ನಕ್ಕಿಟ್ಟವರ ಪ್ರವಾಸ ಸುಖವಾಗಿರುತ್ತದೆ. ನಾವೊಮ್ಮೆ ಮೌಂಟ್ ಕುಕ್‌ನ ತಪ್ಪಲನ್ನು ಕತ್ತಲಾದ ಮೇಲೆ ತಲುಪಿ, ಟಾರ್ಚ್ ಹಿಡಿದು ಸಮತಟ್ಟಾದ ಜಾಗ ಹುಡುಕಿ, ಕೊನೆಗೆ ಇಳಿಜಾರಿನಲ್ಲೇ ಮಲಗಿ ರಾತ್ರಿಯಿಡೀ ಒಬ್ಬರ ಮೇಲೊಬ್ಬರು ಜಾರಿದ್ದೇವೆ.

ದೀರ್ಘ ವಿಮಾನಯಾನ ಮುಗಿಸಿ ಬಂದ ದಿನವೇ ವ್ಯಾನ್ ಪಡೆಯಬೇಡಿ. ಆ ರಾತ್ರಿ ಕ್ರೈಸ್ಟ್‌ಚರ್ಚ್‌ನ ಕೋಣೆಯೊಂದರಲ್ಲಿ ನಿದ್ದೆ ಮಾಡಿ. ಮರುದಿನ ಟೆಕಪೊಗೆ ಸುಮಾರು 225 ಕಿ.ಮೀ.; ಅಲ್ಲಿ ಎರಡು ರಾತ್ರಿ ತಂಗಿರಿ. ಸರೋವರದ ದಂಡೆಯಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಪುಟ್ಟ ಚರ್ಚನ್ನು ಎಲ್ಲರೂ ಹಗಲಿನಲ್ಲಿ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಆದರೆ ಈ ಬಯಲಿನ ನಿಜವಾದ ಸಂಪತ್ತು ಇರುಳಿನದು. 2012ರಲ್ಲಿ ಈ ಪ್ರದೇಶಕ್ಕೆ ಅಂತರರಾಷ್ಟ್ರೀಯ ‘ಕಪ್ಪು ಆಕಾಶ’ ಸಂರಕ್ಷಿತ ವಲಯದ ಮನ್ನಣೆ ದೊರೆಯಿತು. ದೀಪಗಳನ್ನು ನೆಲದ ಕಡೆಗೆ ತಿರುಗಿಸಿಯೇ ಹಾಕಬೇಕೆಂಬ ನಿಯಮ ಅಲ್ಲಿದೆ. ಹಾಗಾಗಿ ವ್ಯಾನಿನ ದೀಪ ಆರಿಸಿ ಹೊರಗೆ ನಿಂತರೆ ನಮ್ಮ ಊರುಗಳಲ್ಲಿ ಮರೆತೇ ಹೋಗಿರುವ ಆಕಾಶಗಂಗೆ ತಲೆಯ ಮೇಲೆ ಕಾಣುತ್ತದೆ.

ಅಲ್ಲಿಂದ ಪುಕಾಕಿ ಸರೋವರದ ಪಕ್ಕದಲ್ಲೇ ಸಾಗುವ 80ನೇ ಸಂಖ್ಯೆಯ ಹೆದ್ದಾರಿ ಸುಮಾರು 55 ಕಿ.ಮೀ. ದೂರದಲ್ಲಿ ಬೆಟ್ಟದ ಬುಡಕ್ಕೆ ಹೋಗಿ ಮುಗಿಯುತ್ತದೆ. ಎದುರಿಗೆ ಕಾಣುವುದು 3,724 ಮೀಟರ್ ಎತ್ತರದ ಅವೊರಾಕಿ, ಅಂದರೆ ಮೌಂಟ್ ಕುಕ್. 1991ರ ಭೂಕುಸಿತದಲ್ಲಿ ಅದರ ನೆತ್ತಿಯೇ ಕಳಚಿ ಬಿದ್ದ ಮೇಲೆ ಪರ್ವತ ಗಿಡ್ಡವಾಯಿತು. ಈ ದಾರಿಯಲ್ಲಿ ದಯವಿಟ್ಟು ಅವಸರ ಮಾಡಬೇಡಿ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಚೆಲುವಾದ ಒಂದು ಗಂಟೆ ಇಲ್ಲ. ಅಲ್ಲೂ ಎರಡು ರಾತ್ರಿ ಇರಲಿ, ಏಕೆಂದರೆ ಮೊದಲ ದಿನ ಪರ್ವತ ಮೋಡದೊಳಗೆ ಅಡಗಿರುವ ಸಂಭವವೇ ಹೆಚ್ಚು.

ಮುಂದೆ 971 ಮೀಟರ್ ಎತ್ತರದ ಲಿಂಡಿಸ್ ಕಣಿವೆದಾರಿಯ ಒಣ ಹುಲ್ಲಿನ ಗುಡ್ಡಗಳನ್ನು ದಾಟಿ ವಾನಕ. ಏಪ್ರಿಲ್‌ನಲ್ಲಿ ಅಲ್ಲಿನ ಪಾಪ್ಲರ್ ಮರಗಳು ಹಳದಿಯಾಗುತ್ತವೆ. ಅಲ್ಲೂ ಎರಡು ರಾತ್ರಿ. ಬಳಿಕ ಅದೇ ಹೆಸರಿನ ಸರೋವರದ ದಂಡೆಯ ಊರಾದ ಟೆ ಅನೌನಲ್ಲಿ ಎರಡು ರಾತ್ರಿ, ಕೊನೆಯ ರಾತ್ರಿ ಕ್ವೀನ್ಸ್‌ಟೌನ್. ಕ್ವೀನ್ಸ್‌ಟೌನಿನಿಂದ ಒಂದೇ ದಿನದಲ್ಲಿ ಮಿಲ್ಫರ್ಡ್‌ಗೆ ಹೋಗಿಬರುವ ಸಾಹಸ ಬೇಡ. ಅದು ಒಂದು ಕಡೆಗೇ ನಾಲ್ಕು ಗಂಟೆಗೂ ಮೀರಿದ ದಾರಿ. ಟೆ ಅನೌನಿಂದಾದರೆ ಸುಮಾರು 120 ಕಿ.ಮೀ. ಮಾತ್ರ. ಮಿಲ್ಫರ್ಡ್‌ನಲ್ಲಿ ಮಳೆಯಿದ್ದರೆ ಬೇಸರಿಸಬೇಡಿ. ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ ಬೀಳುವ, ನಮ್ಮ ಆಗುಂಬೆಯ ಸಾಲಿಗೆ ಸೇರುವ ಜಾಗ ಅದು. ಮಳೆ ಸುರಿದಾಗಲೇ ಬಂಡೆಗಳ ತುಂಬ ನೂರಾರು ಜಲಪಾತಗಳು ಇಳಿಯುತ್ತವೆ.

ವ್ಯಾನ್ ಗೊತ್ತುಮಾಡುವಾಗ ಎರಡು ವಿಷಯ ವಿಚಾರಿಸಿ. ಏಳು ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಮಕ್ಕಳ ಸೀಟು ಕಡ್ಡಾಯ. ನಾಲ್ವರು ಮಲಗಬಹುದಾದ ಎಲ್ಲ ವ್ಯಾನುಗಳಲ್ಲೂ ಅಂಥ ಸೀಟನ್ನು ಬಿಗಿಯಲು ತಕ್ಕ ಜಾಗ ಇರುವುದಿಲ್ಲ. ಎರಡನೆಯದು ಅತ್ತೆಯವರ ಹಾಸಿಗೆ. ಚಾಲಕನ ತಲೆಯ ಮೇಲಿರುವ ಮಂಚಕ್ಕೆ ಏಣಿ ಹತ್ತಬೇಕು. ಅದು ಅವರಿಗೆ ಒಗ್ಗುವುದಿಲ್ಲ. ಕೆಳಗಿನ ಮಂಚ ಹಗಲಿನಲ್ಲಿ ಊಟದ ಮೇಜಾಗಿರುತ್ತದೆ. ಅವರು ಬೇಗ ಮಲಗುವವರಾದರೆ ಉಳಿದವರ ಊಟವೂ ಬೇಗ ಮುಗಿಯಬೇಕು.

ಪ್ರಶ್ನೆ: ಅಲ್ಲಿ ಸರೋವರದ ದಂಡೆಯಲ್ಲಿ ಎಲ್ಲಿ ಬೇಕಾದರೂ ವ್ಯಾನ್ ನಿಲ್ಲಿಸಿ ಮಲಗಬಹುದು, ಹಣ ಕೊಡಬೇಕಾಗಿಲ್ಲ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ನಿಜವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಅರ್ಧ ನಿಜ. 2011ರ ಕಾಯ್ದೆಯ ಪ್ರಕಾರ ಸ್ಥಳೀಯ ಆಡಳಿತಗಳು ತಮ್ಮ ವ್ಯಾಪ್ತಿಯಲ್ಲಿ ಇಂಥ ಉಚಿತ ವಾಸ್ತವ್ಯವನ್ನು ನಿಷೇಧಿಸಬಹುದು ಅಥವಾ ನಿರ್ಬಂಧಿಸಬಹುದು. ಹೆಸರಾಂತ ಸರೋವರಗಳ ಸುತ್ತ ಅದನ್ನೇ ಮಾಡಿದ್ದಾರೆ. 2023ರಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಶೌಚಾಲಯವನ್ನು ವಾಹನದೊಳಗೇ ಸ್ಥಿರವಾಗಿ ಅಳವಡಿಸಿದ್ದರೆ ಮಾತ್ರ, ಹೀಗೆ ಉಚಿತವಾಗಿ ತಂಗಲು ಸಾಮಾನ್ಯವಾಗಿ ಬೇಕಾಗುವ ‘ಸ್ವಯಂಪೂರ್ಣ’ ಎಂಬ ಹಸಿರು ಪತ್ರ ಸಿಗುತ್ತದೆ. ಮಂಚದ ಕೆಳಗೊಂದು ಎತ್ತಿಡುವ ಡಬ್ಬಿ ಇಟ್ಟರೆ ಸಾಲದು. ಫಲಕ ಇಲ್ಲದ ಕಡೆ ನಿಲ್ಲಿಸುವ ಮುನ್ನ ಆಯಾ ಆಡಳಿತದ ನಕ್ಷೆಯನ್ನು ನೋಡಿ; ತಪ್ಪಿದರೆ ದಂಡ ಬೀಳುತ್ತದೆ. ಒಂದೆರಡು ರಾತ್ರಿ ಸಂರಕ್ಷಣಾ ಇಲಾಖೆಯ ಸರಳ ತಾಣಗಳಲ್ಲಿ ಇದ್ದು, ಮೂರನೆಯ ರಾತ್ರಿ ವಿದ್ಯುತ್ತು, ಬಿಸಿನೀರು ಇರುವ ಹಾಲಿಡೇ ಪಾರ್ಕಿಗೆ ಹೋಗುವುದು ಒಳ್ಳೆಯ ರೂಢಿ; ವ್ಯಾನಿನ ಬ್ಯಾಟರಿ ತುಂಬಿಕೊಳ್ಳುವುದಕ್ಕೂ ಅದು ಬೇಕು.

ಪಾತ್ರೆ ತೊಳೆದ ನೀರು, ಶೌಚದ ತೊಟ್ಟಿ ಇವೆರಡನ್ನೂ ಡಂಪ್ ಸ್ಟೇಷನ್‌ನಲ್ಲಿಯೇ ಖಾಲಿ ಮಾಡಬೇಕು. ಹೊಳೆಯ ದಂಡೆಯಲ್ಲಿ ಕೂತು ಪಾತ್ರೆ ಉಜ್ಜುವ ನಮ್ಮ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಇಲ್ಲಿ ಬಿಟ್ಟು ಹೋಗಬೇಕು. 2004ರಿಂದ ಡಿಡಿಮೊ ಎಂಬ ಪಾಚಿ ದಕ್ಷಿಣ ದ್ವೀಪದ ಹೊಳೆಗಳನ್ನು ಆವರಿಸುತ್ತಿದೆ. ಒದ್ದೆ ಬೂಟಿಗಂಟಿದ ಒಂದು ಹನಿ ನೀರು ಸಾಕು, ಅದು ಇನ್ನೊಂದು ಹೊಳೆಗೆ ದಾಟಲು.

ಪ್ರಶ್ನೆ: ಚಿತ್ರಗಳಲ್ಲಿ ಟೆಕಪೊ ಮತ್ತು ಪುಕಾಕಿಯ ನೀರು ಹಾಲು ಬೆರೆಸಿದ ನೀಲಿಯಂತಿರುತ್ತದೆ. ಟೆ ಅನೌ ಹಾಗಿಲ್ಲ. ಯಾಕೆ? (ಶಿರಸಿಯ ಓದುಗರು)

ಉತ್ತರ: ಹಿಮನದಿ ಜರುಗುವಾಗ ತನ್ನಡಿಯ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತದೆ. ಆ ಹಿಟ್ಟು ಎಷ್ಟು ನಯವೆಂದರೆ ತಳಕ್ಕಿಳಿಯದೆ ನೀರಿನಲ್ಲೇ ತೇಲುತ್ತಿರುತ್ತದೆ, ಬಿಸಿಲಿನ ನೀಲಿ ಹಸಿರು ಬಣ್ಣಗಳನ್ನು ಚದುರಿಸುತ್ತದೆ. ಪುಕಾಕಿಗೆ ಟಾಸ್ಮನ್ ಹಿಮನದಿಯ ನೀರು ಬರುತ್ತದೆ. ಟೆ ಅನೌಗೆ ಬರುವುದು ಬಹುಪಾಲು ಕಾಡಿನ ಮಳೆಯ ನೀರು. ಹಿಮನದಿ ಕರಗುತ್ತಿರುವ ವೇಗವನ್ನು ಅದರ ತುದಿಯಲ್ಲೇ ಕಾಣಬಹುದು: ಇಂದು ದೋಣಿಗಳು ಓಡಾಡುವ ಟಾಸ್ಮನ್ ಸರೋವರ 1970ರ ದಶಕದ ಆರಂಭದಲ್ಲಿ ಇರಲೇ ಇಲ್ಲ.

ಪ್ರಶ್ನೆ: ವ್ಯಾನಿನಲ್ಲಿ ಅಡುಗೆ ಮಾಡಿಕೊಳ್ಳಲು ಊರಿನಿಂದ ಏನೇನು ಒಯ್ಯಬಹುದು? ವಾಹನ ಓಡಿಸುವುದು ಕಷ್ಟವೇ? (ಬೆಂಗಳೂರಿನ ಓದುಗರು)

ಉತ್ತರ: ಹಸಿ ಕರಿಬೇವು, ಹಣ್ಣು, ತರಕಾರಿ, ಜೇನುತುಪ್ಪ ಬೇಡವೇ ಬೇಡ. ಹುಳಿಪುಡಿ, ಚಟ್ನಿಪುಡಿ ಏನೇ ಇದ್ದರೂ ಆಗಮನ ಪತ್ರದಲ್ಲಿ ಬರೆದು ಅಧಿಕಾರಿಗೆ ತೋರಿಸಿ; ತೋರಿಸಿದ ವಸ್ತು ಹೆಚ್ಚೆಂದರೆ ಕಸದ ಬುಟ್ಟಿಗೆ ಹೋಗುತ್ತದೆ, ಮುಚ್ಚಿಟ್ಟ ವಸ್ತುವಿಗೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಅಕ್ಕಿ, ಬೇಳೆ ಕ್ರೈಸ್ಟ್‌ಚರ್ಚ್‌ನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ.

ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುವುದರಿಂದ ನಮಗೆ ಅರ್ಧ ಕಷ್ಟ ಕಡಿಮೆ. ಒಂದೇ ವಾಹನ ದಾಟುವ ಸೇತುವೆಗಳು ಬಹಳ. ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನೀವು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಹಿಂದೆ ವಾಹನಗಳ ಸಾಲು ಬೆಳೆದರೆ ಪಕ್ಕಕ್ಕೆ ಸರಿದು ಬಿಟ್ಟುಕೊಡಿ. ಡೀಸೆಲ್ ವ್ಯಾನಿಗೆ ಓಡಿದ ಕಿಲೋಮೀಟರಿಗಿಷ್ಟು ಎಂದು ರಸ್ತೆ ತೆರಿಗೆ ಬೇರೆಯೇ ಇರುತ್ತದೆ. ಬಾಡಿಗೆಯಲ್ಲಿ ಅದು ಸೇರಿದೆಯೇ ಎಂದು ಮೊದಲೇ ಕೇಳಿ. ಮಿಲ್ಫರ್ಡ್ ದಾರಿಯಲ್ಲಿ 1954ರಲ್ಲಿ ತೆರೆದ 1.2 ಕಿ.ಮೀ. ಉದ್ದದ ಹೋಮರ್ ಸುರಂಗದ ಮುಂದೆ ನಿಲ್ಲಬೇಕಾಗಿ ಬಂದರೆ ಕಿಟಕಿ ಮುಚ್ಚಿರಲಿ, ತಿಂಡಿ ಕೊಡುವ ಮನಸ್ಸು ಬೇಡ. ಅಲ್ಲಿನ ಕಿಯಾ ಎಂಬ ಬೆಟ್ಟದ ಗಿಳಿಗಳು ಬಲು ಜಾಣ ಹಕ್ಕಿಗಳು. ನೀವು ಅವುಗಳ ಚಿತ್ರ ತೆಗೆಯುತ್ತಿರುವಾಗಲೇ ಇನ್ನೊಂದು ಬದಿಯಲ್ಲಿ ವ್ಯಾನಿನ ರಬ್ಬರ್ ಪಟ್ಟಿಯನ್ನು ಕಿತ್ತುಹಾಕುತ್ತಿರುತ್ತವೆ.